ಇಲ್ಲದ ಹುಳಿ

ಕಾಫಿಯ ಬೆಲೆ ಮತ್ತೆ ಏರಿದ ಸುದ್ದಿ ತನಗೆ ಸಂತೋಷ ಕೊಡಲಿಲ್ಲವೆಂಬುದು ನೇತ್ರಾಳಿಗೆ ಗೊತ್ತಾದದ್ದು ಹಲ್ಲುಜ್ಜುವಾಗ. ನಲ್ಲಿಯ ಪಕ್ಕದ ಕಟ್ಟೆಗೆ ಒರಗಿಸಿಟ್ಟಿದ್ದ ಮೊಬೈಲಿನಲ್ಲಿ ಹಾಸನದ ಬೆಳಗಿನ ದರ ಬಂದು ಬಿದ್ದಿತ್ತು. ಓದಿದ ಕೂಡಲೇ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಅದು ಹಸಿವಿರಬೇಕು ಎಂದುಕೊಂಡಳು. ಆಮೇಲೆ, ಬಾಯ್ತುಂಬ ನೊರೆ ಇಟ್ಟುಕೊಂಡು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ನಿಂತಾಗ, ಹಸಿವಲ್ಲ ಎಂಬುದು ಸ್ಪಷ್ಟವಾಯಿತು. ಅರಕಲಗೂಡಿನ ಪಶ್ಚಿಮಕ್ಕಿರುವ ಹಳ್ಳಿಗಳಲ್ಲಿ ಎರಡು ಎಕರೆ, ಮೂರು ಎಕರೆ ಕಾಫಿ ಇಟ್ಟುಕೊಂಡವರ ಅಂಗಳಕ್ಕೆ ಹೋಗಿ, 'ಹಣ್ಣಾದದ್ದನ್ನು ಮಾತ್ರ ಕುಯ್ಯಿರಿ, ನೆಲದ ಮೇಲೆ ಒಣಗಿಸಬೇಡಿ, ನೆರಳಿನ ಮರ ಕಡಿಯಬೇಡಿ, ಕಳೆಗೆ ಔಷಧಿ ಹೊಡೆಯಬೇಡಿ, ಒಳ್ಳೆಯ ಕಾಫಿಗೆ ಒಳ್ಳೆಯ ಬೆಲೆ ನಾನು ಕೊಡಿಸುತ್ತೇನೆ' ಎಂದು ಹೇಳುವುದು ಅವಳ ಕೆಲಸವಾಗಿ ಎಷ್ಟೋ ವರ್ಷವಾಗಿತ್ತು. ಈಗ ಅವರಿಗೆ ಅವಳು ಕನಸಿನಲ್ಲೂ ಹೇಳಿರದಂಥ ಬೆಲೆ ಸಿಗುತ್ತಿತ್ತು. ಎಲ್ಲೋ ದೂರದ ದೇಶಗಳಲ್ಲಿ ಮಳೆ ಕೈಕೊಟ್ಟು ಬೆಳೆ ಹೋಗಿದ್ದಕ್ಕೆ ಇಲ್ಲಿಯ ಕಾಫಿಗೆ ಬೆಲೆ ಬಂದಿತ್ತು. ಹಣ್ಣೋ ಕಾಯೋ, ಹಸಿಯೋ ಒಣಗಿದ್ದೋ, ಯಾರೂ ಕೇಳುತ್ತಿರಲಿಲ್ಲ. ಅವಳಿಲ್ಲದೆಯೇ ಅವರು ಗೆದ್ದಿದ್ದರು. ಅದಕ್ಕೆ ನನಗೆ ಸಂಕಟ, ಎಂದುಕೊಂಡು ಬಾಯಿ ಮುಕ್ಕಳಿಸಿದಳು. ತಾನು ಇಷ್ಟು ದಿನ ಒಳ್ಳೆಯವಳೆಂದು ಯಾವ ಧೈರ್ಯದ ಮೇಲೆ ನಂಬಿದ್ದೆ ಎಂದು ಆಶ್ಚರ್ಯವಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಹಿಂದಿನ ಸಂಜೆ ಆಫೀಸಿನಲ್ಲಿ ಷಡಕ್ಷರಿ ಕುರ್ಚಿ ಹಿಂದಕ್ಕೆ ವಾಲಿಸಿಕೊಂಡು ಹೇಳಿದ್ದ ಮಾತು ಕಿವಿಯಲ್ಲಿತ್ತು. ಸಂಸ್ಥೆಯನ್ನು ನಡೆಸುವವನು ಅವನು. ಕೆಟ್ಟವನಲ್ಲ, ಕೆಟ್ಟ ಸುದ್ದಿಯನ್ನು ಹವಾಮಾನ ಹೇಳಿದ ಹಾಗೆ ಹೇಳುವವನು. "ನೇತ್ರಾ, ಬೆಂಗಳೂರಿನ ಆ ಕಾಫಿ ಹುರಿದು ಮಾರುವವರಿಗೆ ಒಂದಷ್ಟಾದರೂ ಕೊಡೋಣ ಕಣ್ರೀ. ಏನೂ ಕೊಡದಿದ್ದರೆ ಮುಂದಿನ ವರ್ಷ ಈ ಕಾರ್ಯಕ್ರಮ ಇರಲ್ಲ. ಕಾರ್ಯಕ್ರಮ ಇಲ್ಲ ಅಂದಮೇಲೆ..." ಎಂದು ಅವಳ ಮುಖ ನೋಡದೆ ಫ್ಯಾನು ನೋಡಿದ್ದ. ಸುಗ್ಗಿಗೆ ಮೊದಲೇ ಬೆಲೆ ಮಾತಾಡಿ ಬೆಳೆಗಾರರಿಗೆ ಹೇಳಿಯಾಗಿತ್ತು. ಆಗ ಅದು ಪೇಟೆಗಿಂತ ಹೆಚ್ಚಿನ ಬೆಲೆಯೇ; ಒಬ್ಬೊಬ್ಬರೂ ಕೈಮುಗಿದಿದ್ದರು. ಈಗ ಅದೇ ಬೆಲೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತಿತ್ತು. ಹೆಚ್ಚು ಕೊಡಿ ಎಂದು ಅವಳು ಬೆಂಗಳೂರಿನವರನ್ನೂ ಕೇಳಿ ನೋಡಿದ್ದಳು. ನಮ್ಮದೂ ಸಣ್ಣ ಅಂಗಡಿ ಮೇಡಮ್ ಎಂದು ಅವರು ನಿಜವನ್ನೇ ಹೇಳಿದ್ದರು. ಬಸ್ಸು ಹಳ್ಳದಲ್ಲಿ ಎತ್ತಿ ಹಾಕಿದಾಗ ಪಕ್ಕದಲ್ಲಿದ್ದ ಹೆಂಗಸು ಅವಳ ತೋಳು ಹಿಡಿದು, ಹಿಡಿದದ್ದಕ್ಕೆ ನಕ್ಕಳು. ಆ ಬಿಸಿ ಅಂಗೈ ತೋಳಿನ ಮೇಲೆ ಸ್ವಲ್ಪ ಹೊತ್ತು ಉಳಿಯಿತು. ತನ್ನನ್ನು ಯಾರಾದರೂ ಮುಟ್ಟಿ ಎಷ್ಟು ದಿನವಾಗಿತ್ತು ಎಂದು ಲೆಕ್ಕ ಹಾಕಲು ಹೊರಟ ಮನಸ್ಸನ್ನು ಅವಳು ಎಳೆದು ಕಿಟಕಿಯಾಚೆಯ ಶುಂಠಿ ಹೊಲಕ್ಕೆ ಕಟ್ಟಿದಳು.

ಕಡುವಿನಕೊಪ್ಪಲಿನ ತಮ್ಮಯ್ಯನ ಮನೆಯಲ್ಲಿ ಅವಳನ್ನು ಅತಿಯಾದ ಪ್ರೀತಿಯಿಂದ ಕರೆದರು. ಅದರಿಂದಲೇ ಅವಳಿಗೆ ತಿಳಿಯಿತು. ಕುರ್ಚಿಯ ಧೂಳನ್ನು ಟವೆಲಿನಿಂದ ಎರಡೆರಡು ಸಲ ಕೊಡವಿ, "ಕೂತ್ಕಳಿ ಮೇಡಮ್, ಏನ್ ಬಿಸ್ಲು ನೋಡಿ, ಸಿವರಾತ್ರಿಗೆ ಮುಂಚೇನೆ ಇಂಗೆ" ಎಂದ ತಮ್ಮಯ್ಯ. ಕಾಫಿ ಒಣಗಿಸಲೆಂದು ಅವಳು ಕೊಡಿಸಿದ್ದ ಬಲೆಯ ಮಂಚಗಳು, ಗಾಳಿ ಮೇಲಿಂದಲೂ ಕೆಳಗಿಂದಲೂ ಆಡಲಿ ಎಂದು ಕಾಲಿನ ಮೇಲೆ ನಿಲ್ಲಿಸಿದ್ದವು, ಅಂಗಳದ ಮೂಲೆಗೆ ಸರಿದಿದ್ದವು. ಒಂದರ ಮೇಲೆ ಮೆಣಸಿನಕಾಯಿ ಇತ್ತು. ಇನ್ನೊಂದರ ಕೆಳಗೆ ಕೋಳಿಯೊಂದು ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಕೂತಿತ್ತು. ಮನೆಯ ಹಿಂದಿನ ದಿಣ್ಣೆಯ ಮೇಲಿದ್ದ ದೊಡ್ಡ ಹಲಸಿನ ಮರ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಆಕಾಶ ಅನವಶ್ಯಕವಾಗಿ ಕಾಣುತ್ತಿತ್ತು.

"ಎಲ್ಲಾ ಒಟ್ಗೇ ಕುಯ್ದು ಕೊಟ್ಬುಟ್ಟೋ ಮೇಡಮ್," ಎಂದ ತಮ್ಮಯ್ಯ, ಅವಳು ಕೇಳುವ ಮೊದಲೇ. "ಅರಕಲಗೂಡಿನ ಬಸವೇಶಣ್ಣ ಗಾಡಿ ತಂದು ಮನೆ ಬಾಗ್ಲಲ್ಲೇ ನಿಲ್ಲುಸ್ಬುಟ್ಟ. ಹಣ್ಣಾಗಿದ್ದಕ್ಕೂ ಅದೇ ರೇಟು, ಕಾಯ್ಗೂ ಅದೇ ರೇಟು. ಇನ್ನ ಒಂದೊಂದೇ ಹಣ್ಣು ಆರುಸ್ಕಂಡು ಕೂತ್ಕಂಡ್ರೆ ಆಳ್ಗಳು ನಗ್ತಾರೆ."

"ಒಳ್ಳೇದಾಯ್ತು ಬಿಡಿ" ಎಂದಳು ನೇತ್ರಾ.

"ಬೇಜಾರ್ ಮಾಡ್ಕಬ್ಯಾಡಿ."

"ಬೇಜಾರ್ಯಾಕೆ? ನಿಮಗೆ ದುಡ್ಡು ಬರ್ಲಿ ಅಂತ ತಾನೆ ನಾನೂ ಬರ್ತಿದ್ದಿದ್ದು" ಎಂದು ನಕ್ಕಳು. ನಕ್ಕದ್ದು ಸರಿಯಾಗಿ ಬಂದಿತೋ ಇಲ್ಲವೋ ಎಂದು ತಮ್ಮಯ್ಯನ ಮುಖದಲ್ಲಿ ಹುಡುಕಿದಳು. ಅವನ ಹೆಂಡತಿ ಸ್ಟೀಲ್ ಲೋಟದಲ್ಲಿ ಬೂಸ್ಟ್ ತಂದುಕೊಟ್ಟಳು. ಕಾಫಿ ಬೆಳೆಯುವವರ ಮನೆಯಲ್ಲಿ ತನಗೆ ಕಾಫಿ ಕೊಡದೆ ಬೂಸ್ಟ್ ಕೊಟ್ಟದ್ದು ಗೌರವವೋ, ಕಾಫಿಯಲ್ಲಿ ತಪ್ಪು ಹುಡುಕುವ ಇವಳ ನಾಲಿಗೆಯ ಸಹವಾಸ ಸಾಕು ಎಂದೋ? ಎಷ್ಟು ಸಣ್ಣ ವಿಷಯಕ್ಕೆ ತಾನು ನೋಯಬಲ್ಲೆ ಎಂದು ಕುಡಿಯುತ್ತಲೇ ಹೇಸಿದಳು. ನೇತ್ರಾಳ ಅಪ್ಪ ಬಾಗೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಸಂತೆಯ ದಿನ ಟವೆಲಿನ ಕೆಳಗೆ ಕೈ ಇಟ್ಟು, ರೈತನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಮುಖ ಮಾತ್ರ ಬೇರೆಲ್ಲೋ, ಹುಣಸೆ ಮರದ ತುದಿಯನ್ನೋ ಯಾರದೋ ದನವನ್ನೋ ನೋಡುತ್ತಿರುತ್ತಿತ್ತು. ಟವೆಲಿನ ಕೆಳಗೆ ಏನು ನಡೆಯುತ್ತದೆ ಎಂದು ಅವಳು ಕೇಳಿದಾಗ, 'ಎದುರಿಗಿರೋನಿಗೆ ನಾವು ಬೇಕಾ, ನಮಗೆ ಅವನು ಬೇಕಾ ಅನ್ನೋದು ತೀರ್ಮಾನ ಆಗುತ್ತೆ ಮಗ' ಎಂದಿದ್ದ. ಬೂಸ್ಟಿನ ಗಸಿ ಲೋಟದ ತಳದಲ್ಲಿ ಉಳಿದಿತ್ತು. ಅದನ್ನೂ ಕುಡಿದು, ಎದ್ದು, ಬರುತ್ತೇನೆಂದಳು. ಬಾಗಿಲವರೆಗೆ ಬಂದು ಬೀಳ್ಕೊಟ್ಟ ತಮ್ಮಯ್ಯ ಅವಳು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದ. ಪಾಪ ಎನ್ನುವವರು ನಿಲ್ಲುವ ಹಾಗೆ.

ಆಮೇಲಿನ ಮನೆಗಳಲ್ಲೂ ಅದೇ. ಒಂದು ಮನೆಯಲ್ಲಿ ಯಾರೂ ಇಲ್ಲವೆಂದು ಹೇಳಿದ ದನಿ ಯಜಮಾನನದೇ ಆಗಿತ್ತು. ಹಾಗಾಗಿ ಊರಿನ ಕೊನೆಯಲ್ಲಿದ್ದ ಚಿಕ್ಕಯ್ಯನ ಮನೆಗೆ ಬರುವಾಗ ನೇತ್ರಾ ಏನನ್ನೂ ನಿರೀಕ್ಷಿಸುವ ಸ್ಥಿತಿಯಲ್ಲಿರಲಿಲ್ಲ. ಬೇಲಿಯ ಹತ್ತಿರ ಬರುವಾಗಲೇ ವಾಸನೆ ಬಂತು. ಒಣದ್ರಾಕ್ಷಿ, ಬೆಲ್ಲದ ಪಾಕ, ಬಿಸಿಲಿಗೆ ಕಾದ ಮರ, ಇವುಗಳಲ್ಲಿ ಯಾವುದೂ ಅಲ್ಲದ, ಎಲ್ಲವೂ ಆದ ಒಂದು ವಾಸನೆ. ಅವಳ ಕಾಲು ತಾನಾಗಿ ಬೇಗ ಬೇಗ ನಡೆಯತೊಡಗಿತು. ಅಂಗಳದ ತುಂಬ ಬಲೆಯ ಮಂಚಗಳು. ಅವುಗಳ ಮೇಲೆ ತೆಳ್ಳಗೆ ಹರಡಿದ ಕಾಫಿ, ಹಸಿರು ಒಂದೂ ಇಲ್ಲ, ಬೂಷ್ಟು ಹಿಡಿದದ್ದು ಒಂದೂ ಇಲ್ಲ. ಕಪ್ಪಿಗೆ ತಿರುಗಿದ ಕೆಂಪು, ಒಂದೇ ಬಣ್ಣ. ತಲೆಗೆ ಟವೆಲು ಸುತ್ತಿಕೊಂಡ ಚಿಕ್ಕಯ್ಯ ಬಗ್ಗಿ ಕೈಯಾಡಿಸುತ್ತಿದ್ದವನು ನೆಟ್ಟಗಾದ. ಅರವತ್ತು ದಾಟಿದ, ಹುರಿಗಟ್ಟಿದ ಮೈ. ನಗುವುದು ಕಡಿಮೆ. ಅವಳು ಹೇಳಿದ ಪ್ರತಿಯೊಂದನ್ನೂ ಮೊದಲು ಅನುಮಾನಿಸಿ, ಜಗಳವಾಡಿ, ಆಮೇಲೆ ಹಟಕ್ಕೆ ಬಿದ್ದು ಅವಳಿಗಿಂತ ಚೆನ್ನಾಗಿ ಮಾಡುವವನು.

"ಬಂದ್ರಾ," ಎಂದ. "ಬತ್ತೀರೋ ಇಲ್ವೋ ಅಂದ್ಕಂಡಿದ್ದೆ. ಊರ್ನೋರೆಲ್ಲ ಮಾರ್ಕಂಡವ್ರೆ. ನಾನು ಮಡಗಿವ್ನಿ." ಒಂದು ಹಿಡಿ ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿದ ಸಿಪ್ಪೆಯೊಳಗೆ ಬೀಜ ಗಲಗಲ ಅಂದಿತು. "ಮೂಸಿ ನೋಡಿ."

ಅವಳು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಮುಖವನ್ನೇ ಅದರೊಳಗಿಟ್ಟಳು. ಇಷ್ಟು ವರ್ಷದಲ್ಲಿ ಇಂಥ ಕಾಫಿ ಅವಳ ಕೈಗೆ ಬಂದಿರಲಿಲ್ಲ. ಕಣ್ಣು ಹನಿಗೂಡಿತು, ಅವನಿಗೆ ಕಾಣದಿರಲೆಂದು ಮುಖ ಎತ್ತಲು ತಡಮಾಡಿದಳು. ಒಬ್ಬ. ಒಬ್ಬನಾದರೂ ಇದ್ದ. ಷಡಕ್ಷರಿಗೆ ಫೋನು ಮಾಡಬೇಕು, ನಾಳೆಯೇ ಗಾಡಿ ಕಳಿಸಿ ಎನ್ನಬೇಕು. ಬೆಂಗಳೂರಿನವರು ರುಚಿ ನೋಡುವ ಬಟ್ಟಲಿನ ಮೇಲೆ ಬಗ್ಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಕಣ್ಣಿಗೆ ಕಟ್ಟಿತು. ನಾನು ವ್ಯರ್ಥವಾಗಲಿಲ್ಲ, ಎಂದು ಅವಳೊಳಗೆ ಯಾರೋ ಸಣ್ಣ ಹುಡುಗಿಯಂತೆ ಕುಣಿದರು. ಚಿಕ್ಕಯ್ಯ ಆ ಕಡೆ ನೋಡುತ್ತ, ಅವಳು ಏನೆನ್ನುತ್ತಾಳೋ ಎಂದು ಕಾಯುತ್ತ ನಿಂತಿದ್ದ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಪುಟ್ಟಲಕ್ಷ್ಮಮ್ಮ ತಂಬಿಗೆ ಹಿಡಿದುಕೊಂಡು ಹಿಂದೆಯೇ ಬಂದಳು. ಚಿಕ್ಕಯ್ಯನ ಹೆಂಡತಿ ಯಾವಾಗಲೂ ಗಟ್ಟಿಯಾಗಿ ಮಾತಾಡುವವಳು. ಈಗ ನೀರು ಸುರಿಯುವ ಸದ್ದಿಗಿಂತ ಸಣ್ಣ ದನಿಯಲ್ಲಿ ಮಾತಾಡಿದಳು.

"ಮೇಡಮ್ಮೋರೆ, ಒಂದ್ಮಾತು. ನಿಮ್ಮ ಮಕ ನೋಡ್ಕಂಡು ಮಡಿಕಂಡವ್ರೆ ಅವ್ರು. ಬಸವೇಶಣ್ಣ ಮೂರ್ಸತಿ ಬಂದೋದ. ಮಾತು ಕೊಟ್ಟಿವ್ನಿ ಓಗು ಅಂದ್ರು. ನಾನು ಜಗಳ ಆಡ್ದೆ. ಪಾಪ, ಆಯಮ್ಮ ಒಬ್ಳೇ ಬಿಸ್ಲಾಗೆ ಬೀದಿ ಬೀದಿ ಅಲೀತದೆ, ಯಾರಾರ ಒಬ್ರು ಬ್ಯಾಡ್ವಾ ಅದ್ಕೆ ಅಂತಾರೆ."

ನೇತ್ರಾ ಕೈ ಉಜ್ಜುತ್ತಲೇ ಇದ್ದಳು.

"ನಮ್ಮ ಮೈದುನ ಪಕ್ಕದ ತುಂಡು ಜಮೀನು ಮಾರ್ತಾವ್ನೆ. ನಮ್ಮ ತ್ವಾಟಕ್ಕೆ ಓಗೋ ದಾರಿ ಅದ್ರಾಗೇ ಐತೆ. ಬ್ಯಾರೇರು ತಗಂಡು ಬೇಲಿ ಆಕುದ್ರೆ ನಾವು ಹಾರ್ಕಂಡು ಓಗ್ಬೇಕಾ? ಈಗಿನ ರೇಟಿಗೆ ಕಾಫಿ ಮಾರುದ್ರೆ ನಾವೇ ತಗಳಕ್ಕಾಯ್ತದೆ, ನಿಮ್ಮ ರೇಟಿಗಾದ್ರೆ ಇಲ್ಲ. ನೀವೇ ಬ್ಯಾಡ ಅನ್ನಿ ತಾಯಿ. ನನ್ ಮಾತು ಕೇಳಾಕಿಲ್ಲ. ನಿಮ್ಮ ಮಾತಾದ್ರೆ ಕೇಳ್ತಾರೆ."

ತಂಬಿಗೆಯಲ್ಲಿ ನೀರು ಮುಗಿದಿತ್ತು. ಒದ್ದೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನೇತ್ರಾ ಅವುಗಳನ್ನು ಮುಂದಕ್ಕೆ ಹಿಡಿದುಕೊಂಡೇ ನಿಂತಳು. ಒಬ್ಬಳೇ ಅಲೀತದೆ. ತನ್ನ ಬಗ್ಗೆ ಈ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಹೀಗೆ ಮಾತಾಗುತ್ತಿತ್ತು. ಅವಳು ಅವರಿಗೆ ನೆರವಾಗಲು ಬಂದವಳು. ಅವರು ಅವಳಿಗೆ ಕೊಡಲೆಂದು ತಮ್ಮ ದಾರಿಯನ್ನೇ ತೆಗೆದಿಟ್ಟಿದ್ದರು, ಬಾಗಿಲಿಗೆ ಬಂದವರಿಗೆ ಮೊರದಲ್ಲಿ ಅಕ್ಕಿ ತೆಗೆದಿಡುವ ಹಾಗೆ. ಮುಖ ಬಿಸಿಯಾಯಿತು. ಆದರೂ, ಒಂದು ಕ್ಷಣ, ಪುಟ್ಟಲಕ್ಷ್ಮಮ್ಮ ಹೇಳಿದ್ದು ಸರಿಯಾಗಿ ಅರ್ಥವಾಗದ ಹಾಗೆ ನಟಿಸಿ, 'ನೋಡೋಣಮ್ಮ' ಎಂದು, ಕಾಫಿ ತೆಗೆದುಕೊಂಡು ಹೋಗಿಬಿಟ್ಟರೆ ಎಂದು ಯೋಚಿಸಿದಳು. ಅವನೇ ಮನಸಾರೆ ಕೊಡುತ್ತಿದ್ದಾನಲ್ಲ. ಯಾರೂ ತಪ್ಪೆನ್ನುವುದಿಲ್ಲ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅದು ಮೊದಲಿಂದಲೂ ಅಲ್ಲೇ ಕೂತು ತನ್ನ ಸರದಿ ಕಾಯುತ್ತಿತ್ತೇನೋ.

ಅಂಗಳಕ್ಕೆ ಬಂದು, "ಚಿಕ್ಕಯ್ಯನೋರೇ, ಈ ಸಲ ನೀವೂ ಬಸವೇಶಣ್ಣಂಗೇ ಕೊಟ್ಬಿಡಿ. ನಾವು ಕೊಡೋ ಬೆಲೆ ಈಗ ಏನೂ ಅಲ್ಲ" ಎಂದಳು.

"ಏನೂ ಅಲ್ಲ ಅಂತ ನಂಗೊತ್ತಿಲ್ವಾ?" ಎಂದ ಅವನು, ಹೆಂಡತಿಯ ಕಡೆ ಒಂದು ನೋಟ ಬೀರಿ. "ಇವ್ಳು ಏಳ್ಕೊಟ್ಲಾ? ರೇಟು ಇಳ್ದಿದ್ದಾಗ ನೀವು ಬ್ಯಾಡ ಅಂದಿದ್ರಾ? ಇಲ್ಲ. ಏರ್ದಾಗ ನಾನು ಅಂದ್ರೆ ಎಂಗೆ? ನಾಳೀಕ್ ಗಾಡಿ ಕಳ್ಸಿ."

"ನಾನೇ ಹೇಳ್ತಿದ್ದೀನಲ್ಲ, ನಿಮ್ಮ ಮೇಲೆ ಯಾವ ಮಾತೂ ಇಲ್ಲ."

"ನನ್ ಮಾತು ನಂತಾವ ಐತೆ, ನೀವು ಬುಟ್ರೆ ಓಗ್ತದಾ?" ಎಂದು ಅವನು ಮತ್ತೆ ಬಗ್ಗಿ ಕಾಫಿಗೆ ಕೈಯಾಡಿಸತೊಡಗಿದ. ಅವನ ಬೆನ್ನು ಅವಳ ಕಡೆಗಿತ್ತು. ಬನಿಯನ್ನಿನ ತೂತಿನಲ್ಲಿ ಬಿಸಿಲಿಗೆ ಕರಿಕಾದ ಚರ್ಮ ಕಾಣುತ್ತಿತ್ತು. ಈ ಬೆನ್ನಿಗೆ ಯಾವ ಮಾತೂ ತಾಗುವುದಿಲ್ಲ, ಒಂದನ್ನು ಬಿಟ್ಟು, ಎಂದು ನೇತ್ರಾಳಿಗೆ ಹೊಳೆಯಿತು. ಹೊಳೆದ ಮೇಲೆ ಅದನ್ನು ಆಡದಿರಲು ಸಾಕಷ್ಟು ಹೊತ್ತೂ ಇತ್ತು. ಅವಳು ಇನ್ನೊಂದು ಹಿಡಿ ತೆಗೆದುಕೊಂಡಳು. ಒಂದು ಹಣ್ಣನ್ನು ಉಗುರಿನಿಂದ ಬಿಡಿಸಿದಳು. ಬೀಜ ಕಚ್ಚಿದಳು. ಮೂಸಿದಳು. ದ್ರಾಕ್ಷಿ, ಬೆಲ್ಲ, ಬಿಸಿಲು.

"ಹುಳಿ ಹೊಡೆದಿದೆ" ಎಂದಳು.

ಚಿಕ್ಕಯ್ಯನ ಕೈ ನಿಂತಿತು.

"ಏನಂದ್ರಿ?"

"ಮೊದಲು ಗೊತ್ತಾಗ್ಲಿಲ್ಲ. ಒಳಗೆ ಹುಳಿ ವಾಸನೆ ಇದೆ. ಒಣಗೋವಾಗ ಎಲ್ಲೋ ಬೆವೆತಿದೆ. ಇದನ್ನ ನಾನು ತಗೊಳ್ಳೋಕಾಗಲ್ಲ ಚಿಕ್ಕಯ್ಯನೋರೇ."

ಅವನು ಕೋಪ ಮಾಡಿಕೊಳ್ಳುತ್ತಾನೆ, ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದಳು, ಹಾಗಾಗಿದ್ದರೆ ಚೆನ್ನಾಗಿತ್ತು. ಅವನು ಒಂದು ಹಿಡಿ ಎತ್ತಿ ತಾನೂ ಮೂಸಿದ. ಕಣ್ಣು ಮುಚ್ಚಿ ಮತ್ತೆ ಮೂಸಿದ. ಹುಬ್ಬು ಗಂಟಿಕ್ಕಿತು. ಇಲ್ಲದ ವಾಸನೆಯನ್ನು ಅವನು ಹುಡುಕುತ್ತಿದ್ದ, ಸಿಗದಿದ್ದದ್ದಕ್ಕೆ ತನ್ನ ಮೂಗನ್ನೇ ದೂರುತ್ತಿದ್ದ. "ಎಲ್ ತಪ್ಪಿದ್ನೋ" ಎಂದ, ಅವಳಿಗಲ್ಲ. "ಒತ್ತೊತ್ಗೂ ತಿರುವಿವ್ನಿ. ಸಂಜೆಗೆ ಟಾರ್ಪಾಲು ಮುಚ್ಚಿವ್ನಿ. ಸಂಕ್ರಾಂತಿ ಆದ್ಮೇಲೆ ಒಂದಿನ ಮೋಡ ಆಗಿತ್ತಲ್ಲ... ಆವತ್ತು ಯಮುನಾನ ಬಸ್ ಅತ್ಸಕ್ಕೆ ಅಂತ ಓಗಿದ್ದೆ. ಬರೋದು ತಡ ಆಗೋಯ್ತು. ಆವತ್ತೇ ಇರ್ಬೇಕು." ಮಗಳನ್ನು ಬಸ್ಸು ಹತ್ತಿಸಲು ಹೋದ ಆ ಮಧ್ಯಾಹ್ನವನ್ನು ಅವನು ಅವಳ ಕಣ್ಣೆದುರೇ ತನ್ನದೊಂದು ತಪ್ಪನ್ನಾಗಿ ಬದಲಾಯಿಸಿಕೊಂಡ. "ಆವತ್ತೇ ಅಲ್ವಾ ಮೇಡಮ್?"

ಹೌದೆಂದರೆ ಅವನು ಇನ್ನು ಮುಂದೆ ಮಗಳ ಜೊತೆ ಬಸ್‌ಸ್ಟಾಂಡಿಗೆ ಹೋದಾಗಲೆಲ್ಲ ಮೋಡ ನೋಡುತ್ತಾನೆ. ಇಲ್ಲವೆಂದರೆ ಬೇರೊಂದು ದಿನ ಹುಡುಕುತ್ತಾನೆ. "ಇರಬಹುದು" ಎಂದಳು ನೇತ್ರಾ.

"ನಾನು ನಿಮ್ಗೆ ಒಳ್ಳೇದು ಕೊಡಾನ ಅಂತಿದ್ದೆ" ಎಂದು ಅವನು ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದನ್ನು ಬಹಳ ಹೊತ್ತು ಮಾಡಿದ.

ರಸ್ತೆಯವರೆಗೆ ಅವನು ಬರಲಿಲ್ಲ. ಪುಟ್ಟಲಕ್ಷ್ಮಮ್ಮ ಬಂದಳು. ಅವಳು ಕೈ ಹಿಡಿದುಕೊಂಡಾಳು, ಕಣ್ಣಲ್ಲಾದರೂ ಒಂದು ಉಪಕಾರದ ಮಾತು ಆಡಿಯಾಳು ಎಂದು ನೇತ್ರಾ ಕಾದದ್ದು ನಿಜ. ತನಗೆ ಅದು ಬೇಕಾಗಿತ್ತು. ಬೆಳಗ್ಗೆ ಕನ್ನಡಿಯಲ್ಲಿ ಕಂಡವಳಿಗೆ ಅದನ್ನು ಒಯ್ದು ತೋರಿಸಬೇಕಾಗಿತ್ತು. ಪುಟ್ಟಲಕ್ಷ್ಮಮ್ಮ ಬೇಲಿಯ ಬಾಗಿಲಲ್ಲಿ ನಿಂತು, ಮೆಲ್ಲಗೆ, ಹಲ್ಲು ಕಚ್ಚಿಕೊಂಡು ಹೇಳಿದಳು: "ಬ್ಯಾಡ ಅನ್ನಿ ಅಂದೆ ಕಣಮ್ಮ. ಕೆಟ್ಟೋಗದೆ ಅನ್ನಿ ಅಂದ್ನಾ? ಎಳೇ ಮಗೀನ ನೋಡ್ಕಂಡಂಗೆ ನೋಡ್ಕಂಡವ್ರೆ ಅದ್ನ." ಆಮೇಲೆ ಬೇಲಿ ಎಳೆದುಕೊಂಡಳು. ಮುಳ್ಳು ಸೆರಗಿಗೆ ಸಿಕ್ಕಿಕೊಂಡಿತು. ಬಿಡಿಸಲು ನೇತ್ರಾ ಕೈಚಾಚಿದಾಗ ಸೆರಗನ್ನೇ ಜಗ್ಗಿ ಹರಿದುಕೊಂಡು ಒಳಗೆ ಹೋದಳು.

ಅರಕಲಗೂಡಿನಲ್ಲಿ ಹಾಸನದ ಬಸ್ಸು ಹೊರಟುಹೋಗಿತ್ತು. ಹೊಳೆನರಸೀಪುರದ ಬಸ್ಸು ನಿಂತಿತ್ತು. ಅಲ್ಲಿಂದ ಬೇರೆ ಹಿಡಿದರಾಯಿತೆಂದು ಹತ್ತಿದಳು. ಬೇಗ ಮನೆ ಸೇರಿ ಮಾಡುವುದೇನೂ ಇರಲಿಲ್ಲ. ಷಡಕ್ಷರಿಯ ಫೋನು ಬಂತು. "ಏನಾದ್ರೂ ಸಿಕ್ತಾ?" ಎಂದ. "ಇಲ್ಲ ಸರ್." "ಚಿಕ್ಕಯ್ಯನದು?" "ಅದೂ ಇಲ್ಲ." ಅವನು ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಆಯ್ತು ಬಿಡಿ, ಸೋಮವಾರ ಮಾತಾಡೋಣ" ಎಂದ. ಸೋಮವಾರ ಏನು ಮಾತಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ಅವಳಿಗೆ ಭಯವಾಗಲಿಲ್ಲ. ಅಚ್ಚರಿಯೆಂದರೆ, ಮಧ್ಯಾಹ್ನದ ಆ ಮಾತು ಆಡುವಾಗ ಕೆಲಸ ಹೋಗುತ್ತದೆಂಬುದು ನೆನಪೇ ಆಗಿರಲಿಲ್ಲ. ಹಾಗಾದರೆ ಅದು ತ್ಯಾಗವೂ ಆಗಿರಲಿಲ್ಲ. ಪಾಪ ಎನಿಸಿಕೊಂಡದ್ದಕ್ಕೆ ತಿರುಗಿಸಿ ಕೊಟ್ಟ ಪೆಟ್ಟೇ ಅದು? ಚಿಕ್ಕಯ್ಯನ ಒಳ್ಳೆಯತನದ ಎದುರು ನಿಲ್ಲಲಾರದೆ ಅವನನ್ನೇ ಒಂದು ಮೆಟ್ಟಿಲು ಕೆಳಗಿಳಿಸಿದೆನೆ? ಪಕ್ಕದ ಸೀಟು ಖಾಲಿ ಇತ್ತು. ಬಸ್ಸಿನ ನೆರಳು ರಸ್ತೆಬದಿಯ ಗದ್ದೆಗಳ ಮೇಲೆ ಉದ್ದಕ್ಕೆ ಓಡುತ್ತಿತ್ತು.

ಹೊಳೆನರಸೀಪುರ ಇನ್ನೇನು ಬಂತು ಅನ್ನುವಾಗ ಮತ್ತೆ ಫೋನು. ಚಿಕ್ಕಯ್ಯ.

"ಮೇಡಮ್, ಮಾರ್ಬುಟ್ಟೆ" ಎಂದ. ದನಿ ದಣಿದಿತ್ತು. "ಬಸವೇಶಣ್ಣ ಗಾಡಿ ತಂದಿದ್ದ."

"ಒಳ್ಳೇದಾಯ್ತು. ಒಳ್ಳೆ ಬೆಲೆ ಬಂತಾ?"

"ಬಂತು. ಒಸಿ ಇಳುಸ್ದ."

"ಯಾಕೆ? ಈಗ ಯಾರಿಗೂ ಇಳಿಸ್ತಿಲ್ವಲ್ಲ?"

"ನಾನೇ ಏಳ್ದೆ. ಹುಳಿ ಹೊಡ್ದದಂತೆ, ಮೇಡಮ್ಮೋರು ನೋಡಿ ಏಳವ್ರೆ, ಬೇಕಿದ್ರೆ ತಗಾ ಬ್ಯಾಡ್ದಿದ್ರೆ ಬುಡು ಅಂತ. ಅವನು ಮೂಸಿ, ಊಂ ಕಣಣ್ಣ, ವಾಸ್ನೆ ಐತೆ ಅಂದ. ಇಳುಸ್ದ. ಆದ್ರೂ ದಾರಿಗೆ ಆಯ್ತದೆ ಬುಡಿ. ಮುಚ್ಚಿಟ್ಟು ಮಾರಕ್ಕಾಯ್ತದಾ?"

ನೇತ್ರಾ ಎದ್ದು ನಿಂತಳು. ಏಕೆ ನಿಂತಳೋ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಕಂಡಕ್ಟರು ಇಳಿಯುತ್ತಾಳೇನೋ ಎಂದು ತಿರುಗಿ ನೋಡಿದ.

"ಚಿಕ್ಕಯ್ಯನೋರೇ, ಕೇಳಿ. ಹುಳಿ ಇರ್ಲಿಲ್ಲ. ನಿಮ್ಮ ಕಾಫಿ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರೋದನ್ನ ನಾನು ನೋಡೇ ಇರ್ಲಿಲ್ಲ. ನಿಮಗೆ ನಷ್ಟ ಆಗ್ಬಾರದು ಅಂತ ಹಂಗಂದೆ. ನಾನು ಹೇಳಿದ್ದು ಸುಳ್ಳು."

ಆ ಕಡೆ ದನವೊಂದು ಕೂಗಿದ್ದು ಕೇಳಿಸಿತು. ಆಮೇಲೆ ಚಿಕ್ಕಯ್ಯ, ಅವಳ ಜೊತೆ ಯಾವತ್ತೂ ಆಡಿರದ ಮೃದುವಾದ ದನಿಯಲ್ಲಿ, ಮಗುವನ್ನು ಸಮಾಧಾನ ಮಾಡುವವನಂತೆ ಹೇಳಿದ:

"ನನ್ ಸಮಾದಾನಕ್ಕೆ ಇಂಗೆಲ್ಲ ಏಳ್ಬ್ಯಾಡಿ ಮೇಡಮ್. ಬಂದ ದಿನದಿಂದ ನೋಡಿವ್ನಿ, ಕಾಫಿ ವಿಸ್ಯದಾಗೆ ನೀವು ಸುಳ್ಳು ಏಳೋರಲ್ಲ. ಬಸವೇಶಣ್ಣನ ಮೂಗಿಗೂ ಗೊತ್ತಾಯ್ತಲ್ಲ. ಮನ್ಸಿಗೆ ಹಚ್ಕಬ್ಯಾಡಿ. ಉಸಾರಾಗಿ ಮನೆ ಸೇರ್ಕಳಿ."

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಬಸ್ಸು ಸ್ಟಾಂಡಿನೊಳಗೆ ತಿರುಗಿತು. ಜನ ಒಮ್ಮೆಲೇ ಎದ್ದು, ಚೀಲ ಬುಟ್ಟಿಗಳನ್ನು ಅವಳ ಬೆನ್ನಿಗೆ ತಾಗಿಸುತ್ತ, ಇಳೀರಮ್ಮ, ಮುಂದಕ್ ನಡೀರಿ, ಅನ್ನುತ್ತ ಬಾಗಿಲ ಕಡೆ ದೂಡತೊಡಗಿದರು.